ಅಮ್ಮನ ಪ್ರಾರ್ಥನೆ, ಮೇಸ್ತ್ರಿಯ ಹಲ್ಲು

ನಮ್ಮ ಮನೆಯಲ್ಲಿ ಮನಸ್ಸಿನೊಳಗೇ ಪ್ರಾರ್ಥಿಸುವ ಪದ್ಧತಿ ಇರಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಅಮ್ಮ ಬೈಬಲ್ ತೆರೆದು ಒಂದು ಕೀರ್ತನೆಯನ್ನು ಗಟ್ಟಿಯಾಗಿ ಓದುತ್ತಿದ್ದಳು. ಓದು ಬಾರದ ಅಜ್ಜಿಗೆ ಕೇಳಲೆಂದು ಶುರುವಾದ ಅಭ್ಯಾಸ ಅದು. ಅಜ್ಜಿ ತೀರಿಕೊಂಡ ಮೇಲೂ ಅಮ್ಮನ ದನಿ ಇಳಿಯಲಿಲ್ಲ.

ಅಪ್ಪ ಮೂಡಿಗೆರೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದರು. ತೋಟ ಇಂಗ್ಲಿಷ್ ದೊರೆಯದು. ನಮಗೂ ಆಳುಗಳನ್ನು ನೋಡಿಕೊಳ್ಳುವ ಹೆಡ್ ಮೇಸ್ತ್ರಿಗೂ ಕೊಟ್ಟಿದ್ದು ಒಂದೇ ಕಟ್ಟಡದ ಎರಡು ಭಾಗ. ನಡುವಿನ ಗೋಡೆ ಆಳೆತ್ತರಕ್ಕಿಂತ ತುಸು ಮೇಲೆ ಹೋಗಿ ನಿಂತಿತ್ತು. ಅಲ್ಲಿಂದ ಹೆಂಚಿನವರೆಗೆ ಖಾಲಿ. ಅವರ ಒಗ್ಗರಣೆಗೆ ನಾವು ಸೀನುತ್ತಿದ್ದೆವು, ನಮ್ಮ ಕೀರ್ತನೆಯನ್ನು ಅವರು ಕೇಳುತ್ತಿದ್ದರು.

ಆ ವರ್ಷ ಕಾಫಿ ಹಣ್ಣಿನ ಕುಯಿಲು ಮುಗಿಯುವ ಹೊತ್ತಿಗೆ ಒಂದು ಭಾನುವಾರ ಅಕಾಲದಲ್ಲಿ ಮಳೆ ಬಂತು. ಹಣ್ಣಿನ ಸಿಪ್ಪೆ ತೆಗೆದು ತೊಳೆದು, ಒಣಗಲೆಂದು ಕಣದಲ್ಲಿ ಹರಡಿದ್ದ ಪಾರ್ಚ್‌ಮೆಂಟ್ ಕಾಫಿಯೆಲ್ಲ ನೆನೆಯಿತು. ಆ ಬೆಳಿಗ್ಗೆ ಅಪ್ಪ ಕಣವನ್ನು ಮೇಸ್ತ್ರಿಗೆ ಒಪ್ಪಿಸಿ ಚರ್ಚಿನ ಆರಾಧನೆಗೆ ಹೋಗಿದ್ದರು. ಮೇಸ್ತ್ರಿ ಅಲ್ಲಿರಲಿಲ್ಲ. ಎಲ್ಲಿಗೆ ಹೋಗಿದ್ದರೆಂಬುದು ಕೊನೆಗೂ ಖಚಿತವಾಗಲಿಲ್ಲ. ರೈಟರು ತಮಗೆ ಏನೂ ಹೇಳದೆ ಹೋದರೆಂದು ಮೇಸ್ತ್ರಿ, ಚಿಕ್ಕಮಗಳೂರಿಗೆ ಹೋಗಿದ್ದ ದೊರೆಗೆ ಸುದ್ದಿ ಮುಟ್ಟಿಸಿದರು. ಅಪ್ಪನ ಮಾತಿಗೆ ಬೇರೆ ಸಾಕ್ಷಿ ಇರಲಿಲ್ಲ. ದೊರೆ ಹಿಂತಿರುಗಿದ ದಿನ ತೀರ್ಮಾನ. ಕೆಲಸ ಹೋದರೆ ಮನೆಯೂ ಹೋಗುತ್ತಿತ್ತು.

ಅಂದಿನಿಂದ ಅಮ್ಮ ದಿನವೂ ಒಂದೇ ಕೀರ್ತನೆ ಓದತೊಡಗಿದಳು. ಸುತ್ತಲೂ ವೈರಿಗಳು ಹೆಚ್ಚಿದ್ದರೂ ದೇವರನ್ನು ನಂಬಿ ಮಲಗಿ ನಿದ್ರಿಸಿದವನ ಪ್ರಾರ್ಥನೆ. ಕೊನೆಯ ಕಡೆ, ದೇವರು ದುಷ್ಟರ ಹಲ್ಲು ಮುರಿಯುವ ಮಾತೊಂದಿದೆ. ಅಮ್ಮ ಅದನ್ನೂ ಬಿಡುತ್ತಿರಲಿಲ್ಲ.

ದೊರೆ ಬರುವ ಹಿಂದಿನ ದಿನ ಬೆಳಿಗ್ಗೆ ಮೇಸ್ತ್ರಿಯ ಹೆಂಡತಿ ನಮ್ಮ ಬಾಗಿಲಿಗೆ ಬಂದರು. ಕಳಸದ ಕಡೆಯವರು, ನೇರ ಮಾತು.

"ರೈಟರಮ್ಮ, ನಿಮ್ಮ ದೇವ್ರಿಗೆ ಒಂಚೂರು ಹೇಳಿ. ಇವ್ರ ದವಡೆ ಊದಿ ಹಲಸಿನಕಾಯಿ ಆಗಿದೆ."

"ಏನಾಯ್ತು ಮಾರಾಯ್ತಿ?"

"ನೀವೇ ಓದ್ತೀರಲ್ಲ ದಿನಾ, ಹಲ್ಲು ಮುರೀತದೆ ಅಂತ. ಮೊದ್ಲು ಇವ್ರು ನಗಾಡಿದ್ರು. ಆಮೇಲೆ ಹಿಡಿದ ನೋವು ಬಿಡ್ಲೇ ಇಲ್ಲ."

ಅವರ ಹಿಂದೆ ಮೇಸ್ತ್ರಿ ಗಲ್ಲಕ್ಕೆ ಟವೆಲ್ ಕಟ್ಟಿಕೊಂಡು ನಿಂತಿದ್ದರು. "ನಿಲ್ಸಿ ಅಮ್ಮ. ಕಣ ನಂಗೇ ಒಪ್ಸಿದ್ದು ಅಂತ ದೊರೆ ಹತ್ರ ನಾನೇ ಹೇಳ್ತೇನೆ. ಈ ಹಲ್ಲೊಂದು ಬಿಟ್ಬಿಡಿ."

ಅಪ್ಪ ಕೈಯಲ್ಲಿದ್ದ ಲೋಟ ಕೆಳಗಿಟ್ಟು ಅಮ್ಮನನ್ನು ನೋಡಿದರು. ನಮಗೆ ಬೇಕಾದ ಮಾತು ತಾನಾಗಿ ಹೊಸ್ತಿಲಿಗೆ ಬಂದಿತ್ತು. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಮೇಸ್ತ್ರಿಯ ಹತ್ತಿರ ಹೋದಳು.

"ಅದು ಯಾವುದೋ ಕಾಲದಲ್ಲಿ ಒಬ್ಬ ರಾಜ ವೈರಿಗಳಿಂದ ತಪ್ಪಿಸ್ಕೊಂಡು ಓಡುವಾಗ ಮಾಡಿದ ಪ್ರಾರ್ಥನೆ, ಮೇಸ್ತ್ರಿಗಳೇ. ನಿಮ್ಮ ದವಡೆ ಸುದ್ದಿ ಅದ್ರಲ್ಲಿಲ್ಲ. ನಂಗೆ ನಿದ್ದೆ ಬರ್ಲಿ ಅಂತ ಓದೋದು. ಬಾಯಿ ತೆಗೀರಿ ನೋಡುವ."

ಅವರು ಬಾಯಿ ತೆರೆದರು.

"ಹುಳುಕು ಹಿಡಿದು ತೂತಾಗಿದೆ. ಇದಕ್ಕೆ ಶಾಪ ಬೇರೆ ಬೇಕಾ? ಲವಂಗ ಕಚ್ಚಿ ಹಿಡ್ಕೊಳ್ಳಿ. ಈಗ್ಲೇ ಮೂಡಿಗೆರೆಗೆ ಹೋಗಿ ಕೀಳಿಸ್ಕೊಂಡು ಬನ್ನಿ."

"ಹಾಗಾದ್ರೆ ಶಾಪ ಅಲ್ವಾ? ಸತ್ಯವಾಗಿ?" ಎಂದು ಮೇಸ್ತ್ರಿ ಕೇಳಿದರು.

"ಸತ್ಯವಾಗಿ."

ಮೇಸ್ತ್ರಿಯ ನೋವು ಹಾಗೇ ಇತ್ತು. ಭಯ ಮಾತ್ರ ಇಳಿಯಿತು. ನಾವು ನೋಡುತ್ತಿದ್ದಂತೆಯೇ ಇಳಿಯಿತು.

ಅವರು ಹೋದ ಮೇಲೆ ಅಪ್ಪ, "ಒಂದು ದಿನ ಬಾಯಿ ಮುಚ್ಕೊಂಡಿದ್ರೆ ಏನಾಗ್ತಿತ್ತು ನಿಂಗೆ?" ಎಂದರು.

"ಹಲ್ಲಿಗೆ ಹೆದರಿ ಹೇಳುವ ನಿಜ, ಹಲ್ಲು ಕಿತ್ತ ಮೇಲೆ ಇರ್ತದಾ? ದೇವರು ಕಾಯ್ತಾನೆ ಅಂತ ದಿನಾ ಓದಿ, ಕಷ್ಟ ಬಂದಾಗ ಮೇಸ್ತ್ರಿ ಹಲ್ಲು ಹಿಡ್ಕೊಂಡು ನೇತಾಡ್ಲಾ?"

"ನೇತಾಡಬಹುದಿತ್ತು ಮಾರಾಯ್ತಿ," ಎಂದು ಅಪ್ಪ ನಕ್ಕೇಬಿಟ್ಟರು. ಆದರೂ ಮನೆ ಬಿಡಬೇಕಾದೀತೆಂದು ಟ್ರಂಕಿಗೆ ಬಟ್ಟೆ ಜೋಡಿಸತೊಡಗಿದರು.

ಸಂಜೆ ಅಮ್ಮ ಅದೇ ಕೀರ್ತನೆ ತೆರೆದಳು. ಹಲ್ಲಿನ ಮಾತು ಬಂದಾಗ ದನಿ ತಗ್ಗಿತು. ಗೋಡೆಯಾಚೆಯಿಂದ ಮೇಸ್ತ್ರಿಯ ಹೆಂಡತಿ ಕೂಗಿ ಹೇಳಿದರು: "ಜೋರಾಗೇ ಓದಿ ರೈಟರಮ್ಮ. ಅದು ಕಿತ್ತಾಯ್ತು."

ಮರುದಿನ ನಡೆದದ್ದನ್ನು ನಾನು ಕಂಡಿಲ್ಲ. ಅಪ್ಪ ಹೇಳಿದ್ದು ಇಷ್ಟು. ದೊರೆ ಕಣದಲ್ಲಿ ನಿಂತು, ಭಾನುವಾರ ಇದು ಯಾರ ಜವಾಬ್ದಾರಿ ಎಂದು ಕೇಳಿದರು. ಮೇಸ್ತ್ರಿಯ ಬಾಯಲ್ಲಿ ಹತ್ತಿ ತುಂಬಿತ್ತು. ಅವರು ಕೈಯನ್ನು ತಮ್ಮ ಎದೆಯ ಮೇಲಿಟ್ಟುಕೊಂಡರು. ಎದೆನೋವೇ ಎಂದು ದೊರೆ ವಿಚಾರಿಸಿದರು. ಮೇಸ್ತ್ರಿ ಅಲ್ಲವೆಂದು ತಲೆಯಾಡಿಸಿ, ಹತ್ತಿ ಉಗುಳಿ, "ನಂದು, ದೊರೆ" ಎಂದರು. ದೊರೆ ಇಬ್ಬರಿಗೂ ತಮ್ಮ ಅರೆಬರೆ ಕನ್ನಡದಲ್ಲಿ ಬೈದು ಕೆಲಸಕ್ಕೆ ಅಟ್ಟಿದರು. ಮೇಸ್ತ್ರಿ ಹಾಗೇಕೆ ಮಾಡಿದರೆಂದು ಅಪ್ಪ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಇಷ್ಟನ್ನು ಕೇಳಿ ಅಮ್ಮ ಗೋಡೆಗೆ ಒರಗಿ ಕುಳಿತಳು. ಆಮೇಲೆ ಕೇಳಿದಳು: "ಅವ್ರು ಏನಾದ್ರೂ ತಿಂದಿದ್ದಾರಾ?"

"ಹೇಗೆ ತಿಂತಾರೆ? ಅಗಿಯೋಕೆ ಆಗಬೇಕಲ್ಲ."

ಅಮ್ಮ ಎದ್ದು ಗಂಜಿಗೆ ಅಕ್ಕಿ ತೊಳೆದಳು. ಅಪ್ಪ ಅಡುಗೆಮನೆಯ ಬಾಗಿಲಿಗೆ ಬಂದು, "ಉಪ್ಪಿನಕಾಯಿ ಹಾಕಿ ಕೊಡಬೇಡ," ಎಂದರು. "ಗಾಯ ಉರೀತದೆ."