ತೀರಿಹೋದ ಅಜ್ಜಿಗೆ ಲಾರ್ಜ್ ಸೈಜು

ಅಪ್ಪನ ಪ್ರಾಸ್ಟೇಟ್ ಕ್ಯಾನ್ಸರನ್ನು ನಮ್ಮ ಮನೆಯಲ್ಲಿ ಯಾರೂ ಮುಚ್ಚಿಡಲಿಲ್ಲ. ಹೊರಗೆ ಯಾರಿಗೂ ಹೇಳಲಿಲ್ಲ, ಅಷ್ಟೇ. ಚಂದ್ರಾ ಲೇಔಟಿನ ನಮ್ಮ ಬೀದಿಗೆ ತಿಳಿಸಿದ್ದು ಹರ್ನಿಯಾ ಆಪರೇಷನ್ ಎಂದು. ಹರ್ನಿಯಾ ಮರ್ಯಾದಸ್ಥರ ಕಾಯಿಲೆ, ಸಂಸಾರದ ಭಾರ ಹೊತ್ತವರಿಗೆ ಬರುವಂಥದ್ದು. ನೋಡಲು ಬಂದವರೆಲ್ಲ ಇನ್ನು ಮೇಲೆ ಗ್ಯಾಸ್ ಸಿಲಿಂಡರ್ ಎತ್ತಬೇಡಿ ಎಂದು ಬುದ್ಧಿ ಹೇಳಿ, ಕಾಫಿ ಕುಡಿದು ಹೋದರು. ಅಪ್ಪ ಜನ್ಮದಲ್ಲಿ ಸಿಲಿಂಡರ್ ಎತ್ತಿದವರಲ್ಲ.

ಗಡ್ಡೆ ಹೋಯಿತು. ಜೊತೆಗೆ ಮೂತ್ರದ ಮೇಲಿನ ಹಿಡಿತವೂ ಹೋಯಿತು. ಕೆಮ್ಮಿದರೆ, ಕುರ್ಚಿಯಿಂದ ಎದ್ದರೆ, ನಕ್ಕರೆ ಸೋರುತ್ತಿತ್ತು. ಹೆಚ್ಚಿನವರಿಗೆ ನಿಧಾನವಾಗಿ ಸರಿಹೋಗುತ್ತದೆ ಎಂದ ಡಾಕ್ಟರು ಒಂದು ವ್ಯಾಯಾಮ ಕೊಟ್ಟರು: ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುವನ್ನು ಬಿಗಿಯುವುದು, ಹತ್ತು ಎಣಿಸುವುದು, ಬಿಡುವುದು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಅಪ್ಪ ಎಣಿಸುವ ಭಾಗವನ್ನು ತಪ್ಪಿಲ್ಲದೆ ಮಾಡುತ್ತಿದ್ದರು.

ಕೆಮ್ಮನ್ನು ನುಂಗಬಹುದಿತ್ತು. ಕಷ್ಟವಾದದ್ದು ನಗು. ಅಪ್ಪ ನಮ್ಮ ಪಾರ್ಕಿನ ನಗೆ ಕೂಟದ ಸದಸ್ಯರು. ಇಪ್ಪತ್ತು ನಿವೃತ್ತ ಗಂಡಸರು ದಿನಾ ಬೆಳಿಗ್ಗೆ ಯಾವ ಜೋಕಿನ ನೆರವೂ ಇಲ್ಲದೆ, ಕೈ ಮೇಲೆತ್ತಿ ಹೊಟ್ಟೆ ಕುಲುಕಿಸಿ ನಗುವ ಸಂಸ್ಥೆ ಅದು. ಮನೆಯಲ್ಲಿ ಅಪ್ಪ ನಕ್ಕದ್ದನ್ನು ನಾನು ಕಂಡದ್ದು ಕಡಿಮೆ. ಇರುವ ನಗುವನ್ನೆಲ್ಲ ಅಲ್ಲಿಗೇ ಉಳಿಸಿಟ್ಟಿದ್ದರು. ಈಗ ನಾಲ್ಕು ತಿಂಗಳಿಂದ ಬಚ್ಚಲಿಗೆ ಹತ್ತಿರದ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಕೂಟದ ಅಧ್ಯಕ್ಷರು ಆಗಾಗ ಫೋನ್ ಮಾಡುತ್ತಿದ್ದರು.

"ಹರ್ನಿಯಾಗೆ ಇಷ್ಟು ದಿನವಾ ಮೇಷ್ಟ್ರೇ?"

"ಹೊಲಿಗೆ ಸಾರ್. ಹೊಲಿಗೆ ಇನ್ನೂ ಹಸಿ."

ಒಂದು ಭಾನುವಾರ ಅಪ್ಪ ರೂಲ್ಡ್ ಹಾಳೆಯಲ್ಲಿ, ಮಾರ್ಜಿನ್ ಬಿಟ್ಟು, ರಾಜೀನಾಮೆ ಬರೆದರು. 'ಅನಾರೋಗ್ಯದ ನಿಮಿತ್ತ ಇನ್ನು ಮುಂದೆ ನಗಲು ಸಾಧ್ಯವಿಲ್ಲದ ಕಾರಣ, ನನ್ನ ಹೆಸರನ್ನು ಕೂಟದಿಂದ ತೆಗೆಯಬೇಕಾಗಿ ವಿನಂತಿ.' ನನ್ನ ಕೈಗಿಟ್ಟು, "ಅಧ್ಯಕ್ಷರ ಮನೆಗೆ ಕೊಟ್ಟು ಬಂದ್ಬಿಡು" ಎಂದರು. ನಾನು ನಗಲಿಲ್ಲ. ಅದನ್ನು ಕೊಟ್ಟರೆ ಅಪ್ಪ ಆ ಕುರ್ಚಿಯಿಂದ ಮತ್ತೆ ಏಳುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ದಾರಿಯಲ್ಲಿ ಡೈಪರ್ ತರುವುದಿತ್ತು. ನಮ್ಮ ಬೀದಿಯ ಮೆಡಿಕಲ್‌ಗೆ ಹೋಗುವಂತಿರಲಿಲ್ಲ. ಆ ಅಂಗಡಿಯವರ ಹೆಂಡತಿ ಅಮ್ಮನ ಭಜನಾ ಮಂಡಳಿಯವರು. ಆದ್ದರಿಂದ ನಾನು ಮಾರೇನಹಳ್ಳಿಯವರೆಗೆ ನಡೆಯುತ್ತಿದ್ದೆ. ಮೊದಲ ಸಲ ಅಂಗಡಿಯವರು ಯಾರಿಗೆ ಎಂದು ಕೇಳಿದಾಗ, ಅಜ್ಜಿಗೆ ಎಂದಿದ್ದೆ. ಅಜ್ಜಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಅಂದಿನಿಂದ ಅವರು ಪ್ರತಿ ವಾರ "ಅಜ್ಜಿ ಹೇಗಿದಾರಮ್ಮ?" ಎನ್ನುವರು. "ಹಾಗೇ ಇದಾರೆ" ಎನ್ನುವೆ. ಅದು ಸುಳ್ಳಲ್ಲ.

ಆ ಭಾನುವಾರ ಕೌಂಟರಿನ ಮುಂದೆ ನಗೆ ಕೂಟದ ಅಧ್ಯಕ್ಷರು ನಿಂತಿದ್ದರು. ಬೆನ್ನು ನನ್ನ ಕಡೆಗಿತ್ತು.

"ನಮ್ಮಮ್ಮಂಗೆ. ಲಾರ್ಜು" ಎನ್ನುತ್ತಿದ್ದರು.

ಅವರ ತಾಯಿಯ ವೈಕುಂಠ ಸಮಾರಾಧನೆಯಲ್ಲಿ, ಮೂರು ವರ್ಷದ ಹಿಂದೆ, ಎರಡನೇ ಪಂಕ್ತಿಯಲ್ಲಿ ಕೂತು ನಾನು ಲಾಡು ತಿಂದಿದ್ದೆ. ಸದ್ದಿಲ್ಲದೆ ಹಿಂದೆ ಸರಿಯಬೇಕು ಎಂದುಕೊಳ್ಳುವಷ್ಟರಲ್ಲಿ ಅಂಗಡಿಯವರು ನನ್ನನ್ನು ನೋಡಿ, "ಬಾಮ್ಮಾ, ಅಜ್ಜಿಗೂ ಅದೇ ತಾನೆ?" ಎಂದು ಅಂಥದ್ದೇ ಇನ್ನೊಂದು ಪ್ಯಾಕೆಟ್ ಇಳಿಸಿದರು.

ಅಧ್ಯಕ್ಷರು ತಿರುಗಿದರು. ನನ್ನ ಅಜ್ಜಿಗೆ ಹೆಗಲು ಕೊಟ್ಟ ನಾಲ್ವರಲ್ಲಿ ಅವರೂ ಒಬ್ಬರು. ಪ್ಯಾಕೆಟ್ಟುಗಳಿಗೆ ಹಳೇ ಪೇಪರ್ ಸುತ್ತುವ ಕೆಲಸ ನಡೆದಿತ್ತು, ಒಳಗಿರುವುದೇನೆಂದು ಇಡೀ ರಸ್ತೆಗೆ ತಿಳಿಯುವ ಹಾಗೆ.

"ಅಜ್ಜಿ ಹುಷಾರಾ?" ಎಂದರು ಕೊನೆಗೆ.

"ಪರವಾಗಿಲ್ಲ ಅಂಕಲ್. ಅಮ್ಮ?"

"ಶುರುವಾಗಿ ಎರಡು ವರ್ಷ ಆಯ್ತು. ಈಗ ಎಷ್ಟೋ ವಾಸಿ." ಪೊಟ್ಟಣ ಕಂಕುಳಿಗೆ ಸೇರಿಸಿಕೊಂಡರು. "ನಗೋಕ್ ಮುಂಚೆ ಒಂದ್ಸಲ ಬಿಗಿ ಹಿಡೀಬೇಕು ಕಣಮ್ಮ, ಆಮೇಲೆ ನಗಬೇಕು. ಕಪ್ಪು ಪ್ಯಾಂಟು ಒಳ್ಳೇದು. ಅಜ್ಜಿಗೆ ಹೇಳು."

ಟೇಪು ಕತ್ತರಿಸುತ್ತಿದ್ದ ಅಂಗಡಿಯವರು ತಲೆ ಎತ್ತಿದರು, ಮತ್ತೆ ತಗ್ಗಿಸಿದರು.

"ಹೇಳ್ತೀನಿ ಅಂಕಲ್" ಎಂದೆ. ಪತ್ರ ಬ್ಯಾಗಿನಲ್ಲೇ ಉಳಿಯಿತು.

ಮನೆಯಲ್ಲಿ ಅಪ್ಪ, "ಕೊಟ್ಯಾ?" ಎಂದರು.

"ಇಲ್ಲ. ನಗೋಕ್ ಮುಂಚೆ ಬಿಗಿ ಹಿಡೀಬೇಕಂತೆ. ಕಪ್ಪು ಪ್ಯಾಂಟ್ ಹಾಕೋಬೇಕಂತೆ."

"ಯಾರು ಹೇಳಿದ್ದು?"

"ಅಧ್ಯಕ್ಷರ ತಾಯಿ ಹಾಗೇ ಮಾಡ್ತಾರಂತೆ."

ಅಪ್ಪ ಬೆರಳು ಮಡಿಸಿ ವರ್ಷ ಎಣಿಸಿದರು. "ಆಯಮ್ಮ ಹೋಗಿ ಮೂರು ವರ್ಷ ಆಯ್ತಲ್ಲೇ."

"ಹೌದಪ್ಪ. ಅಂಗಡೀಲಿ ನಮ್ಮಜ್ಜೀನೂ ವಿಚಾರಿಸ್ಕೊಂಡ್ರು."

ಅವರು ಪೇಪರ್ ಮುಖಕ್ಕೆ ಅಡ್ಡ ಹಿಡಿದುಕೊಂಡರು. ಮರುದಿನ ಬೆಳಿಗ್ಗೆ ಅಡಿಗೆಮನೆ ಬಾಗಿಲಲ್ಲಿ ನಿಂತು, ಕಪ್ಪು ಪ್ಯಾಂಟು ಎಲ್ಲಿದೆ ಎಂದು ಅಮ್ಮನನ್ನು ಕೇಳಿದರು.

ಮೆಟ್ರೋಗೆ ಹೋಗುವ ದಾರಿಯಲ್ಲಿ ನಾನು ಪಾರ್ಕಿನ ಬೇಲಿಯ ಬಳಿ ಸ್ವಲ್ಪ ನಿಂತೆ. ಕೂಟ ಕೈ ಎತ್ತಿ ನಕ್ಕಿತು. ಅಧ್ಯಕ್ಷರು ಯಾವಾಗಲೂ ಎಲ್ಲರಿಗಿಂತ ಒಂದು ಕ್ಷಣ ತಡವಾಗಿ ನಗುವುದನ್ನು ನಾನು ಮೊದಲೇ ಗಮನಿಸಿದ್ದೆ. ಪದವಿಯ ಗತ್ತು ಎಂದುಕೊಂಡಿದ್ದೆ. ಅಂದು ಅವರ ಪಕ್ಕದಲ್ಲಿ ಇನ್ನೊಬ್ಬರೂ ತಡವಾಗಿ ನಕ್ಕರು.