ಸಿದ್ದಾಪುರದ ಒಲೆಗೆ ಹೋದ ಗಿಳಿಪದಕ

ಯಲಬುರ್ಗಾದಿಂದ ಬೆಳಗಿನ ಬಸ್ಸು ಹತ್ತಿದಾಗ ನನ್ನ ತೊಡೆಯ ಮೇಲೆ ಜೋಳದ ರೊಟ್ಟಿಯ ಗಂಟಿತ್ತು. ರೊಟ್ಟಿಗಳ ನಡುವೆ, ಹಳೆಯ ಕುಪ್ಪಸದ ತುಂಡಿನಲ್ಲಿ ಸುತ್ತಿದ ಬಂಗಾರದ ಪದಕ. ಕಳ್ಳರು ರೊಟ್ಟಿ ಕದಿಯುವುದಿಲ್ಲ ಎಂಬುದು ನನ್ನ ಅಕ್ಕ ರೇಣುಕಾಳ ಲೆಕ್ಕಾಚಾರ. ಕಳ್ಳನಿಗೂ ಹಸಿವಾಗಬಹುದಲ್ಲ ಎಂದು ಕೇಳಿದೆ. ಅವಳು ಅಳುವ ಹಾಗೆ ಕಂಡಿದ್ದರಿಂದ ವಾದ ಅಲ್ಲಿಗೇ ಬಿಟ್ಟೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಹಾಗೆ ಬಿಟ್ಟವಳಲ್ಲ.

ಪದಕ ಯಲಬುರ್ಗಾದ ಅವಳ ಗಂಡನ ಮನೆಯದು. ಮುಂಭಾಗದಲ್ಲಿ ಕೊರೆದ ಹೂಬಳ್ಳಿ, ಹಿಂಬದಿಯಲ್ಲಿ ಬಣ್ಣದ ಗಾಜಿನಪುಡಿ ಕರಗಿಸಿ ತುಂಬಿದ ಮೀನಾ ಕೆಲಸ: ಬಿಳಿಯ ನೆಲದ ಮೇಲೆ ಹಸಿರು ಗಿಳಿ, ಕೆಂಪು ಕೊಕ್ಕು. ಎದೆಗೆ ತಾಗುವ ಬದಿಗೇ ಅಷ್ಟೊಂದು ಚೆಲುವು ಯಾಕೋ, ಹಳೆಯ ಕಾಲದವರನ್ನು ಕೇಳಬೇಕು. ಆ ಮನೆಯಲ್ಲಿ ಸೊಸೆಯ ಕುಬಸದ, ಅಂದರೆ ಸೀಮಂತದ, ದಿನ ಅತ್ತೆ ತನ್ನ ಕೈಯಾರೆ ಇದನ್ನು ಕಟ್ಟುತ್ತಾಳೆ. ಅಕ್ಕನ ಕುಬಸ ಆ ವಾರದ ಶುಕ್ರವಾರ, ನಾನು ಅದಕ್ಕೆಂದೇ ಬಂದಿದ್ದೆ. ಸೋಮವಾರ ಅಕ್ಕ ಒರೆಸುವಾಗ ಪದಕ ಕೈಜಾರಿ ಕಡಪ ಕಲ್ಲಿನ ಮೇಲೆ ಬಿದ್ದು, ಗಿಳಿಯ ರೆಕ್ಕೆಯಿಂದ ಅಕ್ಕಿಕಾಳಿನಷ್ಟು ಹಸಿರು ಹಾರಿಹೋಗಿತ್ತು.

ಹಿಂಬದಿ ತಾನೇ, ಯಾರು ನೋಡುತ್ತಾರೆ ಎಂದೆ.

"ಅತ್ತಿ ಮೊದಲ ಹಿಂದ ನೋಡ್ತಾರ. ಉಗುರಿಲೆ ತೀಡಿ ನೋಡ್ತಾರ. ದೊಡ್ಡ ಸೊಸಿ ಕುಬಸದಾಗ ಬಳಿ ಒಡದಿದ್ದಕ್ಕ ಕೂಸು ಉಳೀಲಿಲ್ಲ ಅಂತ ಓಣಿ ಮಂದಿ ಇನ್ನೂ ಆಡ್ತಾರ. ನಾಳೆ ನನ್ನ ಕೂಸಿಗೆ ಏನರ ಆದ್ರ, ಈ ಹಸರ ಚೂರೇ ಸಾಕ ಅವರಿಗೆ."

ಬಳೆ ಒಡೆದರೆ ಕೂಸು ಸಾಯುವುದಿಲ್ಲ. ಅದನ್ನು ನಾನು ಯಾವ ವೇದಿಕೆಯ ಮೇಲಾದರೂ ನಿಂತು ಸಾಬೀತು ಮಾಡುತ್ತಿದ್ದೆ. ಆದರೆ ದೊಡ್ಡ ಸೊಸೆಯ ಮುಖ ನಾನು ನೋಡಿದ್ದೇನೆ. ಅವಳ ಮುಂದೆ ನನ್ನ ಸಾಬೀತು ಯಾವ ಉಪಯೋಗಕ್ಕೂ ಬರುತ್ತಿರಲಿಲ್ಲ. ಅತ್ತೆ ಶಾಂತವ್ವ ತಂಗಿಯ ಊರಿಗೆ ಹೋಗಿದ್ದು ಗುರುವಾರ ಬರುವವರಿದ್ದರು. ಅಷ್ಟರೊಳಗೆ ಹೋಗಿ ಬರಬೇಕಿತ್ತು.

ಕುಕನೂರು ದಾಟಿ ಕೊಪ್ಪಳ ಮುಟ್ಟುವವರೆಗೆ ಕಿಟಕಿಯಿಂದ ಬಿಸಿಗಾಳಿ ಹೊಡೆಯಿತು. ಹೆಣ್ಣುಮಕ್ಕಳಿಗೆ ಟಿಕೆಟ್ ಪುಕ್ಕಟೆಯಾದ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಕೊಪ್ಪಳದಲ್ಲಿ ಗಂಗಾವತಿ ಬಸ್ಸು ಹಿಡಿದೆ. ನಲವತ್ತು ಕಿಲೋಮೀಟರ್ ಚಿಲ್ಲರೆ ದಾರಿ; ನನಗೆ ಅದು ಮುಗಿಯಲೇ ಇಲ್ಲ. ಪಕ್ಕದಲ್ಲಿ ಕುಳಿತ ಅಜ್ಜಿ ಗಂಟನ್ನು ಮೂಸಿ, ತನಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ತಲೆ ತಿರುಗುತ್ತದೆ ಎಂದಳು. "ಅರ್ಧ ರೊಟ್ಟಿ ಕೊಡವಾ, ಚಟ್ನಿ ನನ್ನ ಕಡೆ ಐತಿ." ಬಿಚ್ಚಿದರೆ ಕಾಣುತ್ತದೆ, ಬಿಚ್ಚದಿದ್ದರೆ ಮುದುಕಿ ಬೀಳುತ್ತಾಳೆ. ಗಂಟಿನೊಳಗೆ ಕೈ ತೂರಿಸಿ ಮೇಲಿನದನ್ನು ಎಳೆದು ಕೊಟ್ಟೆ. ಅಜ್ಜಿ ಜಗಿಯುತ್ತ, "ಹಾವು ಇಟ್ಟೀಯೇನ ಒಳಗ? ಬಿಚ್ಚಾಕ ಹಂಗ ಅಂಜತಿ" ಎಂದು ನಕ್ಕಳು. ಸುತ್ತಲಿನವರೂ ನನ್ನ ಗಂಟು ನೋಡಿ ನಕ್ಕರು. ಗಂಗಾವತಿಯವರೆಗೆ ಮತ್ತೆ ನಾನು ಅದರ ಮೇಲಿಂದ ಕೈ ತೆಗೆಯಲಿಲ್ಲ.

ಗಂಗಾವತಿಯ ಬಂಗಾರದ ಅಂಗಡಿಯಲ್ಲಿ ಎ.ಸಿ. ತಣ್ಣಗಿತ್ತು. ಮಾಲೀಕ ಪದಕ ನೋಡಿ, ಉಗುರುಬಣ್ಣದಂಥ ಸಣ್ಣ ಬಾಟಲಿಗಳ ಸಾಲು ಮುಂದಿಟ್ಟ. ಕೋಲ್ಡ್ ಮೀನಾ, ಬೆಂಕಿ ಬೇಕಿಲ್ಲ, ಹಚ್ಚಿ ಒಣಗಿಸಿದರೆ ಆಯಿತು. ಈಗಿನ ಮದುವೆಯ ಸೆಟ್ಟುಗಳು, ಗುಲಾಬಿ ಕಮಲದ ಜುಮಕಿಗಳು ಎಲ್ಲವೂ ಇದರಲ್ಲೇ ಎಂದ. ಮಾದರಿಯ ಮೇಲೆ ಉಗುರಿನಿಂದ ಎಳೆದೆ. ಸಣ್ಣ ಗೆರೆ ಉಳಿಯಿತು. ಯಾರೂ ಉಗುರಿನಿಂದ ತೀಡಿ ನೋಡುವುದಿಲ್ಲವೇ, ಬೆವರಿಗೆ ಇದು ಎಷ್ಟು ದಿನ ತಾಳುತ್ತದೆ ಎಂದು ಒಂದಾದ ಮೇಲೊಂದು ಕೇಳಿದೆ.

"ನೀವು ವಕೀಲರೇನ್ರಿ? ಬೆಂಕಿ ಮೀನಾ ಬೇಕಂದ್ರ ಸಿದ್ದಾಪುರಕ್ಕ ಹೋಗ್ರಿ. ಮೌನೇಶ ಪತ್ತಾರ ಅಂತ ಅದಾನ. ಮಾಡಿದ್ರ ಮಾಡ್ಯಾನ."

ಆ ರಾತ್ರಿ ಗಂಗಾವತಿಯಲ್ಲೇ ಇದ್ದ ಕಾಲೇಜು ಗೆಳತಿಯ ಕೋಣೆಯಲ್ಲಿ ದಿಂಬಿನ ಕೆಳಗೆ ರೊಟ್ಟಿ ಇಟ್ಟುಕೊಂಡು ಮಲಗಿದೆ.

ಬುಧವಾರ ಬೆಳಗ್ಗೆ ಸಿದ್ದಾಪುರದ ದಾರಿಯುದ್ದಕ್ಕೂ ಕಾಲುವೆ ನೀರು, ಹಸಿರು ಗದ್ದೆ. ಆ ಹಸಿರೆಲ್ಲ ನನಗೆ ಗಿಳಿಯ ರೆಕ್ಕೆಯನ್ನೇ ನೆನಪಿಸಿತು. ಊರಲ್ಲಿ ದಾರಿ ಕೇಳಿದರೆ ಉತ್ತರ ತೆಲುಗಿನಲ್ಲಿ ಬಂತು. ಕೈ ತೋರಿಸಿದ ಕಡೆ ನಡೆದೆ.

ಅಕ್ಕಸಾಲಿ ಮೌನೇಶ ಪತ್ತಾರರು ದಪ್ಪ ಮನುಷ್ಯ, ಬಾಯಿ ಜೋರು. ಬೆಂಕಿ ಮೀನಾ ತಂದೆಯ ಕಾಲದಲ್ಲಿ ದಿನವೂ ನಡೆಯುತ್ತಿತ್ತಂತೆ. ಇವರು ಹೊಸ ಕಿವಿಯೋಲೆಗಳಿಗೆ ಆಗೊಮ್ಮೆ ಈಗೊಮ್ಮೆ ಮಾಡುತ್ತಾರೆ. ಹಳೆಯ ಪದಕವನ್ನು ಒಲೆಗೆ ಹಾಕಲು ಒಪ್ಪಲಿಲ್ಲ. ಮತ್ತೆ ಕಾದರೆ ಕೊಕ್ಕಿನ ಕೆಂಪು ಕಪ್ಪಾಗಬಹುದು, ಬಿಳಿಯ ನೆಲ ಬಿರಿಯಬಹುದು. ಮುಂಭಾಗದಲ್ಲಿ ಬೆಂಕಿಗೆ ಒಡೆಯುವ ಕಲ್ಲು, ಒಳಗೆ ಕರಗುವ ಅರಗು ಇಲ್ಲದಿರುವುದೊಂದೇ ಪುಣ್ಯ ಎಂದರು. ನಾನು ಬಿಡಲಿಲ್ಲ. ಹಳೆಯ ಬಣ್ಣಗಳಿಗಿಂತ ಬೇಗ ಕರಗುವ ಹಸಿರು ತುಂಬಿದರೆ ಕಡಿಮೆ ಕಾವು ಸಾಕಲ್ಲವೇ? ಅಂಥ ಹಸಿರು ಇಲ್ಲವೇ? ಇದ್ದರೆ ಹೆದರಿಕೆ ಯಾತಕ್ಕೆ? ಅಂಥದ್ದು ಅವರ ಡಬ್ಬಿಯಲ್ಲಿತ್ತು. ಅವರ ಒಂದೊಂದೇ ಮಾತನ್ನು ಕಿತ್ತುಹಾಕುತ್ತ ಹೋದೆ. ಕೊನೆಗೆ ಅವರು ಕೈ ಎತ್ತಿದರು.

"ನಿಮ್ಮ ಮಾತು ನಾ ಕೇಳತೀನಿ ಬಿಡ್ರಿ. ಬೆಂಕಿ ಕೇಳಬೇಕಲ್ಲ."

ಗೆದ್ದೆ. ಗೆದ್ದ ಮೇಲೆ ಸೋತಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದು ಅದೇ ಮೊದಲು.

ಅವರು ಪದಕವನ್ನು ಬಿಸಿನೀರಿನಲ್ಲಿ ನೆನೆಸಿ ಕುಂಚದಿಂದ ಉಜ್ಜಿದರು. ಗಿಳಿಯ ಬಾಲದ ಬುಡದಿಂದ ಹಸಿರಿನ ಸಿಪ್ಪೆಯೊಂದು ಎದ್ದು ನೀರಿನಲ್ಲಿ ತೇಲಿತು. ನಾನು ಕೂಗಿಕೊಳ್ಳುವುದರಲ್ಲಿದ್ದೆ. ಅವರು ಸಿಪ್ಪೆಯನ್ನು ಬೆರಳಿಗೆ ಅಂಟಿಸಿಕೊಂಡು ನೋಡಿದರು. "ಇದು ಬೆಂಕಿಯಾಗ ಹೋಗಿದ್ದಲ್ಲ. ಅಂಗಡಿ ಬಾಟ್ಲಿ ಬಣ್ಣ. ಮೊದಲೂ ಯಾರೋ ಕೆಡವಿ, ಮುಚ್ಚ್ಯಾರ."

ಅಂದರೆ ಆ ಮನೆಯಲ್ಲಿ ಒಬ್ಬರಿಗೆ ಈ ಜಾಗ ಗೊತ್ತು. ಈಗ ಅಲ್ಲೂ ನಿಜವಾದ ಮೀನಾ ತುಂಬಿದರೆ, ಪದಕ ಮನೆ ದಾಟಿ ಒಲೆಗೆ ಹೋಗಿಬಂತೆಂದು ಅವರಿಗೆ ತಿಳಿಯುತ್ತದೆ. ತುಂಬದಿದ್ದರೆ ಬಾಲದಲ್ಲಿ ಗುಂಡಿ ಎಲ್ಲರಿಗೂ ಕಾಣುತ್ತದೆ. ಮತ್ತೆ ಬಾಟಲಿ ಬಣ್ಣವೆಂದರೆ ಅದು ಉಗುರಿಗೆ ಸಿಗುತ್ತದೆ. ಹೇಗೆ ತಿರುಗಿಸಿದರೂ ಸಿಕ್ಕಿಬೀಳುವುದು ಖಂಡಿತ. ಎರಡನ್ನೂ ತುಂಬಿ ಎಂದೆ.

ಹಸಿರು ಗಾಜಿನ ತುಂಡನ್ನು ಹಿಟ್ಟಿನಂತೆ ಅರೆದು, ತೊಳೆದು, ಒದ್ದೆ ಪುಡಿಯನ್ನು ಸೂಜಿಯ ತುದಿಯಿಂದ ಎರಡೂ ಗುಂಡಿಗಳಿಗೆ ತುಂಬಿದರು. ಒಣಗಿದ ಮೇಲೆ ಪದಕವನ್ನು ಅಭ್ರಕದ ಹಾಳೆಯ ಮೇಲಿಟ್ಟು, ಇದ್ದಿಲ ಒಲೆಯ ಮುಂದೆ ಹಿಡಿದು, ನನ್ನ ಕಡೆ ತಿರುಗಿದರು.

"ಹಾಕ್ರಿ ಅನ್ರಿ. ಮನಿಯವರು ಬಾಯಿ ಬಿಟ್ಟು ಅನ್ನೋ ತನಕ ನಾವು ಹಳೇ ಒಡವಿ ಒಲಿಗೆ ಹಾಕಂಗಿಲ್ಲ, ನಮ್ಮಪ್ಪನ ಕಾಲದಿಂದ ಹಂಗ. ಎಷ್ಟೋ ಮಂದಿ ಇಲ್ಲಿ ತನ ಬಂದು, ಅದೊಂದು ಮಾತು ಬಾಯಾಗ ಬರದಕ್ಕ ಹೊಳ್ಳಿ ಹೋಗ್ಯಾರ."

ಇದು ಹೊಣೆ ಜಾರಿಸುವ ಜಾಣತನ ಎಂದು ಹೇಳಬೇಕೆನಿಸಿತು. ಅಷ್ಟರಲ್ಲಿ ಅಕ್ಕನ ಹೊಟ್ಟೆ ಕಣ್ಣ ಮುಂದೆ ಬಂತು.

"ಹಾಕ್ರಿ."

ಪದಕ ಕೆಂಡದ ನಡುವೆ ಹೋಯಿತು. ಮೊದಲು ಬಂಗಾರ ಮಂಕಾಗಿ ಆಮೇಲೆ ಕೆಂಪಗಾಯಿತು. ಹಸಿರು ಪುಡಿ ಒದ್ದೆಯಾದ ಹಾಗೆ ಹೊಳೆಯಿತು. ಅವರು ಇಕ್ಕಳದಿಂದ ಹೊರಗೆಳೆದಾಗ ಗಿಳಿಯ ಕೊಕ್ಕು ಇದ್ದಿಲಿನಷ್ಟು ಕಪ್ಪಗಿತ್ತು. ಪತ್ತಾರರು ಅದರ ಮೇಲೆ ಮಣ್ಣಿನ ಮುಚ್ಚಳ ಬೋರಲು ಹಾಕಿ, ಆರುವ ತನಕ ಮುಟ್ಟಬಾರದು ಎಂದರು. ಅವರ ಹೆಂಡತಿ ತಂದಿಟ್ಟ ಚಹಾ ಕೆನೆಗಟ್ಟಿತು, ಇಬ್ಬರೂ ಕುಡಿಯಲಿಲ್ಲ. ಆರಿದ ಮೇಲೆ ಮುಚ್ಚಳ ತೆಗೆದಾಗ ಕೊಕ್ಕು ಮತ್ತೆ ಕೆಂಪಗಿತ್ತು. ಪತ್ತಾರರು ಅದನ್ನು ಬೆಳಕಿಗೆ ಹಿಡಿದು ತಮ್ಮ ಕಣ್ಣೊರೆಸಿಕೊಂಡರು, ಹೊಗೆ ಎಂದರು.

ವಾಪಸ್ಸು ಗಂಗಾವತಿ, ಅಲ್ಲಿಂದ ಕನಕಗಿರಿ, ತಾವರಗೇರಾ ಮೇಲೆ ಕುಷ್ಟಗಿ. ಕುಷ್ಟಗಿ ಬಸ್ ನಿಲ್ದಾಣದಲ್ಲಿ ಮಿರ್ಚಿ ಭಜಿ ಬಾಯಿಗಿಡುವಾಗ ಅಕ್ಕನ ಫೋನು ಬಂತು. ಅತ್ತೆ ಒಂದು ದಿನ ಮೊದಲೇ ಬಂದಿದ್ದರು. ಮಿರ್ಚಿ ಅಲ್ಲೇ ಬಿಟ್ಟೆ. ಯಲಬುರ್ಗಾ ಮುಟ್ಟಿದಾಗ ದೀಪ ಹಚ್ಚಿದ್ದರು. ಶಾಂತವ್ವ ಬಾಗಿಲಲ್ಲೇ ಕುಳಿತಿದ್ದರು. ಗಂಟು ನೋಡಿ, "ಒಯ್ದ ರೊಟ್ಟಿ ಹಂಗ ಹೊಳ್ಳಿ ತಂದೀ?" ಎಂದು ಕೇಳಿದರು. ಬಿಸಿಲಿಗೆ ಹಸಿವಾಗಲಿಲ್ಲ ಎಂದೆ. ಪದಕ ಅಕ್ಕನ ತಿಜೋರಿ ಸೇರಿತು.

ಶುಕ್ರವಾರ ಅಕ್ಕನನ್ನು ಹಸಿರು ಸೀರೆಯಲ್ಲಿ ಮಣೆಯ ಮೇಲೆ ಕೂರಿಸಿದರು. ನಾನು ಹಿಂದೆ ಜಡೆ ಸರಿಪಡಿಸುವ ನೆವದಲ್ಲಿ ನಿಂತಿದ್ದೆ. ಶಾಂತವ್ವ ಪದಕ ತೆಗೆದುಕೊಂಡು ಹಿಂಬದಿಗೆ ತಿರುಗಿಸಿದರು. ಉಗುರು ರೆಕ್ಕೆಯ ಕಡೆ ಹೋಗಲೇ ಇಲ್ಲ. ನೇರ ಬಾಲದ ಬುಡಕ್ಕೆ ಹೋಯಿತು. ಒಮ್ಮೆ ತೀಡಿತು, ಮತ್ತೊಮ್ಮೆ. ಗೆರೆ ಬೀಳಲಿಲ್ಲ. ಅವರ ಕೈ ಅಲ್ಲೇ ನಿಂತಿತು. ಹೆಂಗಸರು ಹಾಡುತ್ತಿದ್ದರು. ಶಾಂತವ್ವ ತಲೆ ಎತ್ತಿ ಅಕ್ಕನನ್ನಲ್ಲ, ನನ್ನನ್ನು ನೋಡಿದರು.

ಪದಕ ಕಟ್ಟಲು ಹಿಂದೆ ಬಾಗಿದಾಗ ನನ್ನ ಕಿವಿಗಷ್ಟೇ ಕೇಳುವಂತೆ ಅಂದರು: "ಹಾಕ್ರಿ ಅಂದೀಯೇನವಾ?"

"ಅಂದೆರೀ."

"ಆ ಒಲಿ ಮುಂದ ನನ್ನ ಬಾಯಾಗ ಬರಲಿಲ್ಲ, ಬಾಟ್ಲಿ ಬಣ್ಣ ಹಚ್ಚಿಸಿಕೊಂಡ ಬಂದೆ." ದಾರದ ಗಂಟು ಅವರ ಬೆರಳಿನಿಂದ ಎರಡು ಸಲ ಜಾರಿತು. ನಾನು ದಾರದ ತುದಿ ಹಿಡಿದುಕೊಂಡೆ.

ಸಂಜೆಯ ಕೊಪ್ಪಳ ಬಸ್ಸಿನ ಕಿಟಕಿಯಿಂದ ತಿರುಗಿ ನೋಡಿದಾಗ ಅತ್ತೆ, ಸೊಸೆ ಇಬ್ಬರೂ ರಸ್ತೆಯ ಬದಿಯಲ್ಲಿ ನಿಂತಿದ್ದರು. ಅಕ್ಕನ ಕೈ ಹೊಟ್ಟೆಯ ಮೇಲೆ, ಶಾಂತವ್ವನ ಕೈ ಅಕ್ಕನ ತೋಳಿನ ಮೇಲೆ. ಹೆರಿಗೆಗೆ ಇನ್ನೂ ಎರಡು ತಿಂಗಳು. ಶಕುನವನ್ನು ನಾನು ಇಂದಿಗೂ ನಂಬುವುದಿಲ್ಲ. ಆದರೆ ಆ ಎರಡು ತಿಂಗಳು ಕೂಸಿಗಾಗಿ ಒಟ್ಟಿಗೆ ಹೆದರುವವರು ಈಗ ಮೂವರಾಗಿದ್ದೆವು.