ಪಾಶಾನ ಕೂಗು

ನಮ್ಮ ಪ್ಲೋವ್ದಿವ್ ಊರಿನಲ್ಲಿ ಪಶುವೈದ್ಯರ ಬಳಿ ನಾಯಿಯನ್ನೋ ಬೆಕ್ಕನ್ನೋ ಕರೆದೊಯ್ದವರು ಮೊದಲು ಝಿವ್ಕಾ ಅತ್ತೆಯಿಂದ ವಿಚಾರಣೆ ಮಾಡಿಸಿಕೊಳ್ಳಬೇಕು. ಪಾಶಾ ಎಂಬ ಕಂದು ಗಿನಿಪಿಗ್ಗನ್ನು ಬುಟ್ಟಿಯಲ್ಲಿಟ್ಟು, ಬುಟ್ಟಿಯನ್ನು ಮಡಿಲಲ್ಲಿಟ್ಟು, ಅವಳು ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂತಿರುತ್ತಾಳೆ. ಪಾಶಾನ ಮೂತ್ರಕೋಶದಲ್ಲಿ ಕಲ್ಲು ಕಂಡಂದಿನಿಂದ ಅವಳ ಪಾಲಿಗೆ ಲೋಕದ ಕಾಯಿಲೆಯೆಲ್ಲ ಕಲ್ಲೇ. ನಾಯಿ ಕುಂಟಿದರೂ "ಉಚ್ಚೆ ನೋಡಿದ್ರಾ?" ಎನ್ನುತ್ತಾಳೆ, ಅಂಚೆಯವನು ಸಿಡುಕಿದರೆ, "ಪಾಪ, ಅವನಿಗೂ ಕಲ್ಲಿರ್ಬೇಕು." ಮುದ್ದಿನಿಂದ ದಿನವೂ ತಿನ್ನಿಸಿದ ಪಾರ್ಸ್ಲಿ ಸೊಪ್ಪೇ ಕಾರಣವಿರಬಹುದೆಂದು ಡಾಕ್ಟರು ಹೇಳಿದ ಮೇಲೆ, ಸಂತೆಯಲ್ಲಿ ಆ ಸೊಪ್ಪಿನ ಕಟ್ಟು ಕಂಡರೆ ಹಾವು ತುಳಿದವಳಂತೆ ಹಿಂದೆ ಸರಿಯುತ್ತಾಳೆ. ರಕ್ತ ಬಿದ್ದರೆ ಕಾಣಲೆಂದು ಬುಟ್ಟಿಗೆ ಬಿಳಿ ಬಟ್ಟೆಯನ್ನೇ ಹಾಸುತ್ತಾಳೆ. ಹೊಟ್ಟೆ ಕೊಯ್ದು ತೆಗೆದರೂ ಕಲ್ಲು ಮತ್ತೆ ಬೆಳೆದಿದೆ. ಉಚ್ಚೆ ಹೊಯ್ಯುವಾಗ ಪಾಶಾ ಚೀರಿದರೆ ಸರದಿಗೆ ಕಾಯುತ್ತ ಕೂತ ನಾವೆಲ್ಲ ಮುಖ ಆಚೆ ತಿರುಗಿಸುತ್ತೇವೆ; ಅವಳು ಮಾತ್ರ ಅದರ ಬೆನ್ನು ಸವರುತ್ತ, "ಕೂಗು ಮಗನೇ, ಜೋರಾಗಿ ಕೂಗು," ಎನ್ನುತ್ತಾಳೆ. ಇವಳೆಂಥ ಹೆಂಗಸು ಎಂದು ನನಗೆ ಎಷ್ಟೋ ಸಲ ಅನ್ನಿಸಿತ್ತು. ಮೊನ್ನೆ ಬಂದವಳು ಯಾರ ನಾಯಿಯನ್ನೂ ವಿಚಾರಿಸಲಿಲ್ಲ. "ಬೆಳಿಗ್ಗೆಯಿಂದ ಕೂಗೇ ಇಲ್ಲ," ಎಂದಳು. "ಹಾಗಾದ್ರೆ ನೋವು ಕಡಿಮೆ ಆಗಿರ್ಬೇಕು ಅತ್ತೆ," ಎಂದೆ. ಅವಳು ಬುಟ್ಟಿಯೊಳಗೆ ಕೈಯಿಟ್ಟು ಬಟ್ಟೆ ಮುಟ್ಟಿ ನೋಡಿದಳು. ಒಣಗಿಯೇ ಇತ್ತು, ಒಂದು ಹನಿ ಉಚ್ಚೆಯೂ ಬಿದ್ದಿರಲಿಲ್ಲ. "ನಮ್ಮ ಯಜಮಾನ್ರೂ ಕೊನೇ ದಿನ ನರಳೋದು ನಿಲ್ಲಿಸಿದ್ರು ಕಣೋ," ಎಂದಳು. "ನೋವು ಕಡಿಮೆ ಆಯ್ತು ಅಂದ್ಕೊಂಡು, ನಾನು ನೆಮ್ಮದಿಯಾಗಿ ಮಲಗಿಬಿಟ್ಟೆ."